ಆಫೀಸಿನವರು, ಆಫೀಸರು

ಚಾಮರಾಜಪೇಟೆಯ ವಠಾರಕ್ಕೆ ಏಕಾಂತಯ್ಯ ಹೊಸದಾಗಿ ಬಾಡಿಗೆಗೆ ಬಂದಾಗ ಮನೆಯ ಮಾಲೀಕ ವೀರಭದ್ರಯ್ಯನವರು, "ಇವರು ಪೊಲೀಸ್ ಆಫೀಸ್ನೋರು" ಎಂದು ಪರಿಚಯಿಸಿದ್ದರು. ಎದುರುಮನೆಯ ಭಾಗೀರಥಮ್ಮನವರಿಗೆ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು "ಆಫೀಸರು". ಪೊಲೀಸ್ ಕಚೇರಿಯಲ್ಲಿ ಕಡತಗಳಿಗೆ ದಾರ ಕಟ್ಟುವ ಗುಮಾಸ್ತ ಹೀಗೆ ಪೊಲೀಸ್ ಆಫೀಸರನಾದ. ಸರ್ಕಾರ ಕೊಡದ ಬಡ್ತಿಯನ್ನು ವಠಾರ ಕೊಟ್ಟಿತು.

ಆ ಭಾನುವಾರ ಸಂಜೆ ಮಲ್ಲೇಶ್ವರದಿಂದ ಹೆಣ್ಣಿನ ತಂದೆ ಪರಮಶಿವಯ್ಯನವರು ಹುಡುಗನನ್ನು ನೋಡಲು ಬರುವವರಿದ್ದರು. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಇದೂ ತಪ್ಪಿದರೇನು ಗತಿ ಎಂದು ಏಕಾಂತಯ್ಯ ಬೆಳಗಿನಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಕೋಟಿನ ಮೇಲೆ ಇಟ್ಟನೋ ಇಲ್ಲವೋ, ಭಾಗೀರಥಮ್ಮ ಬಾಗಿಲಿಗೆ ಬಂದರು. ಅವರ ಹಿತ್ತಾಳೆ ಕೊಳದಪ್ಪಲೆ ಕಾಣೆಯಾಗಿತ್ತು. ಆಫೀಸರು ಕಳ್ಳನನ್ನು ಹಿಡಿದುಕೊಡಬೇಕಂತೆ.

"ಅಮ್ಮಾ, ನಾನು ಆಫೀಸರ್ ಅಲ್ಲ. ಬರೀ ಗುಮಾಸ್ತ."

ಭಾಗೀರಥಮ್ಮ ಪಕ್ಕದ ಮನೆಯ ಜಾನಕಮ್ಮನತ್ತ ತಿರುಗಿದರು. "ಸಿ.ಐ.ಡಿ. ಇರ್ಬೇಕು ಕಣೇ. ಅವ್ರೆಲ್ಲ ಹೀಗೇ ಹೇಳೋದು."

ಅಲ್ಲ ಎಂದಷ್ಟೂ ಹೌದಾಗುತ್ತ ಹೋಯಿತು. ಅಷ್ಟರಲ್ಲಿ ವಠಾರದ ಗಂಡಸರು ಬೀದಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನೊಬ್ಬನನ್ನು ಹಿಡಿದು ತಂದರು. ಅವನ ಮಾತು ಕೇಳುವವರೇ ಇಲ್ಲ. ಅವನು ಆಫೀಸರ ಕಾಲಿಗೆ ಬಿದ್ದಾಗ ಅವನಿಗಿಂತ ಹೆಚ್ಚು ನಡುಗಿದ್ದು ಏಕಾಂತಯ್ಯನೇ. ಅವನನ್ನು ಬಿಟ್ಟುಬಿಡಿ ಎಂದು ಜನಕ್ಕೆ ಕೈಮುಗಿದ. ಅದೇ ಹೊತ್ತಿಗೆ ಭಾಗೀರಥಮ್ಮನ ಸೊಸೆ ಬಂದು, ಕೊಳದಪ್ಪಲೆಯನ್ನು ಕಲಾಯಿಗೆ ಕೊಟ್ಟವಳು ತಾನೇ ಎಂದಳು. ಮುಖ ನೋಡಿಯೇ ಸತ್ಯ ಕಂಡುಹಿಡಿದ ಆಫೀಸರ ಕೀರ್ತಿ ಬೀದಿಯ ತುದಿ ಮುಟ್ಟಿತು. ಒಳಗೆ ಕೋಟಿನ ತೋಳು ಸುಟ್ಟು ಹೋಗಿತ್ತು.

ಸಂಜೆ ಮನೆ ಎಲ್ಲಿ ಎಂದು ವಿಚಾರಿಸಿದ ಪರಮಶಿವಯ್ಯನವರನ್ನು ಬೀದಿಯ ಜನ ಮೆರವಣಿಗೆಯಲ್ಲೇ ಕರೆತಂದರು. ಅವರು ಕಾಫಿ ಲೋಟ ಹಿಡಿದು ಮೆಲ್ಲಗೆ ಕೇಳಿದರು: "ನಿಮ್ಮನ್ನ ಪೊಲೀಸ್ ಆಫೀಸರು ಅಂತಿದಾರಲ್ಲ, ನಿಜವೇನ್ರಿ?"

ದಿನವೆಲ್ಲ ನಿಜ ಹೇಳಿ ಏಕಾಂತಯ್ಯನಿಗೆ ಸಾಕಾಗಿತ್ತು. ಗುಮಾಸ್ತ ಎಂದರೆ ಇವರೂ ಎದ್ದು ಹೋದಾರು ಎಂಬ ಭಯ ಬೇರೆ. ಕೋಟಿನ ಸುಟ್ಟ ತೋಳನ್ನು ಬೆನ್ನ ಹಿಂದೆ ಮರೆಮಾಡಿ, "ಹೌದು" ಎಂದ.

ಪರಮಶಿವಯ್ಯ ಲೋಟ ಕೆಳಗಿಟ್ಟರು. "ಗುಮಾಸ್ತರು ಅಂತ ತಿಳ್ಕೊಂಡು ಬಂದೆ. ಹೊತ್ತಿಗೆ ಸರಿಯಾಗಿ ಮನೆಗೆ ಬರೋ ಅಳಿಯ ಸಾಕು ನಮಗೆ. ಪೊಲೀಸ್ನೋರಿಗೆ ಹೆಣ್ಣು ಕೊಡಲ್ಲ."

ಏಕಾಂತಯ್ಯ ಬೀದಿಯವರೆಗೂ ಅವರ ಹಿಂದೆ ಓಡಿದ. "ಶಿವನಾಣೆಗೂ ನಾನು ಗುಮಾಸ್ತನೇ ಸ್ವಾಮಿ!"

ಪರಮಶಿವಯ್ಯನವರ ಕಣ್ಣು ತುಂಬಿ ಬಂತು. "ಅಷ್ಟು ದೊಡ್ಡ ಹುದ್ದೇಲಿದ್ದೂ ಎಂಥ ವಿನಯ ನಿಮ್ದು," ಎಂದು ಕೈಮುಗಿದು ಜಟಕಾ ಹತ್ತಿದರು.