ನಮ್ಮ ಹಿತ್ತಲಿನ ಲಂಟಾನ ನಿರ್ಮೂಲನಾ ಕಾರ್ಯಾಚರಣೆ

ಬಂಡೀಪುರದ ಅಂಚಿನಲ್ಲಿ ಅರ್ಧ ದಿನ ಲಂಟಾನ ಕಿತ್ತು ಬಂದ ಮೇಲೆ, ಕಾಡು ಉಳಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ನನಗೆ ಅನ್ನಿಸಿತು. ನಮ್ಮ ಕಚೇರಿಯ ಗುಮಾಸ್ತರನ್ನೆಲ್ಲ ಶ್ರಮದಾನಕ್ಕೆ ಕರೆದೊಯ್ದಿದ್ದರು. ಲಂಟಾನ ಹೊರದೇಶದಿಂದ ಬಂದ ಕಳೆ, ಅದು ಹಬ್ಬಿದಲ್ಲಿ ಹುಲ್ಲು ಹುಟ್ಟುವುದಿಲ್ಲ, ಮೇವಿಲ್ಲದ ಪ್ರಾಣಿಗಳು ಹೊಲಕ್ಕೆ ನುಗ್ಗುತ್ತವೆ ಎಂದು ಅಲ್ಲಿನ ಅಧಿಕಾರಿ ವಿವರಿಸಿದರು. ನಮಗೆಲ್ಲ ಹಸಿರು ಟೋಪಿ ಕೊಟ್ಟರು. ಅದನ್ನು ಹಾಕಿಕೊಂಡೇ ನಾನು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಯಾರೂ ತಿರುಗಿ ನೋಡಲಿಲ್ಲ. ಮಹತ್ಕಾರ್ಯ ಮಾಡುವವರಿಗೆ ಇದು ಹೊಸದೇನಲ್ಲ.

ನಮ್ಮ ಹಿತ್ತಲಿನ ಬೇಲಿಯಲ್ಲೇ ಶತ್ರು ಬೀಡುಬಿಟ್ಟಿದ್ದ. ಅವನ ನೆರಳಲ್ಲಿ ಅತ್ತೆಯವರು ನೆಟ್ಟ ದೊಡ್ಡಪತ್ರೆ, ತುಂಬೆ, ಆಡುಸೋಗೆ ಉಸಿರುಗಟ್ಟಿ ಬದುಕುತ್ತಿದ್ದವು. ನಾಡಗಿಡಗಳ ವಿಮೋಚನೆಗೆ ಮುಂದಿನ ಭಾನುವಾರವನ್ನು ಗೊತ್ತುಮಾಡಿದೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಳೆದೆ. ಲಂಟಾನ ಅಲ್ಲಾಡಲಿಲ್ಲ. ನನ್ನ ಸೊಂಟ ಅಲ್ಲಾಡಿತು. ನಮ್ಮ ಯಜಮಾನರು ಈರುಳ್ಳಿ ವ್ಯಾಪಾರಿ. ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಎಲ್ಲವನ್ನೂ ನೋಡುತ್ತಿದ್ದರು.

"ಬುಟ್‌ಬುಡು ಕಣಮ್ಮಿ," ಎಂದರು. "ನಮ್ಮಪ್ಪನ ಕಾಲ್ದಿಂದ್ಲೂ ಅದು ಅಲ್ಲೇ ಅದೆ. ಯಾರ್ ತಂಟೆಗೂ ಓಗಿಲ್ಲ."

ಇಂಥ ಮನೋಭಾವದಿಂದಲೇ ಕಾಡು ಹಾಳಾದದ್ದು ಎಂದು ನಾನು ಅವರಿಗೆ ತಿಳಿಹೇಳಿದೆ. ನಿಮ್ಮ ಪಿಕಪ್ ಗಾಡಿಗೆ ಹಗ್ಗ ಕಟ್ಟಿ ಎಳೆದರೆ ನಿಮಿಷದ ಕೆಲಸ ಎಂದೂ ಹೇಳಿದೆ. ಮೊದಲನೆಯದಕ್ಕೆ ಕಿವಿಗೊಡದವರು ಎರಡನೆಯದಕ್ಕೆ ಎದ್ದು ಬಂದರು. ಗಾಡಿ ಓಡಿಸುವುದೆಂದರೆ ಗಂಡಸರಿಗೆ ಪರಿಸರಪ್ರೇಮ ತಾನಾಗಿ ಉಕ್ಕುತ್ತದೆ.

ಹಗ್ಗ ಕಟ್ಟಿದೆ. ಅವರು ಗೇರ್ ಹಾಕಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಬೇಲಿ ಉದ್ದಕ್ಕೂ ಎದ್ದು ಗಾಡಿಯ ಹಿಂದೆ ಹೊರಟಿತು. ಅದರ ಜೊತೆ ನಲ್ಲಿಯ ಪೈಪೂ ಹೊರಟಿತು. ನೀರು ಚಿಮ್ಮಿ ನನ್ನ ಟೋಪಿಯನ್ನು ಹಾರಿಸಿತು. ಬೇಲಿ ಹೋದ ಜಾಗದಲ್ಲಿ ಪಕ್ಕದ ಮನೆಯ ನೂರ್‌ಜಾನ್ ಪಾತ್ರೆ ತೊಳೆಯುತ್ತ ಕೂತಿರುವುದು ಕಾಣಿಸಿತು. ಹಿಂದೆಂದೂ ಅಲ್ಲಿಂದ ಅವರು ಕಂಡಿರಲಿಲ್ಲ.

ಅವರು ನಿಧಾನವಾಗಿ ಎದ್ದು ಬಂದು, ಗಾಡಿಯ ಹಿಂದೆ ಬಿದ್ದಿದ್ದ ರಾಶಿಯನ್ನು ನೋಡಿದರು.

"ಅಕ್ಕಾ, ಇದ್ರಲ್ಲಿ ಅರ್ಧ ನನ್ನ ಗೋರಂಟಿ," ಎಂದರು.

ನಿಜವೇ. ಅವರ ಗೋರಂಟಿ ಗಿಡಗಳೂ ನಮ್ಮ ಲಂಟಾನವೂ ಎಷ್ಟೋ ಕಾಲದಿಂದ ಒಂದರೊಳಗೊಂದು ಹೆಣೆದುಕೊಂಡು ಬಾಳಿದ್ದವು. ಅವರ ಮಗಳು ರುಕ್ಸಾರಳ ಮದುವೆ ಅದೇ ವಾರ. ಮೆಹಂದಿ ಶಾಸ್ತ್ರ ಮರುದಿನ. ಅಂಗಡಿಯ ಕೋನ್ ಹಾಕಿಸಿಕೊಂಡು ಒಮ್ಮೆ ಆ ಹುಡುಗಿಯ ಕೈ ಬೊಬ್ಬೆ ಎದ್ದಿತ್ತು. ಹಾಗಾಗಿ ಹಿತ್ತಲಿನ ಸೊಪ್ಪೇ ಆಗಬೇಕೆಂದು ಬೇಸಿಗೆಯಿಡೀ ನೀರು ಹೊತ್ತು ಗಿಡ ಚಿಗುರಿಸಿದ್ದರು. ಯಜಮಾನರಿಗೆ ಆ ಕ್ಷಣದಲ್ಲೇ ಈರುಳ್ಳಿ ಮಂಡಿಯಲ್ಲಿ ತುರ್ತು ಕೆಲಸ ನೆನಪಾಯಿತು.

ನೂರ್‌ಜಾನ್ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬಾಡುವ ಮುಂಚೆ ಎಲೆ ಬಿಡಿಸಬೇಕು ಅಂದರು, ಅಷ್ಟೇ. ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಕೂತು ಗೋರಂಟಿ ಬಿಡಿಸಿದರು. ರುಬ್ಬುವ ಕೆಲಸ ನನಗೆ ಬಂತು. ಒರಳಲ್ಲೇ ರುಬ್ಬಬೇಕಂತೆ, ಮಿಕ್ಸಿಯಲ್ಲಾದರೆ ಬಣ್ಣ ಕೂರುವುದಿಲ್ಲವಂತೆ. ಇದು ಶಾಸ್ತ್ರವೋ ಶಿಕ್ಷೆಯೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾವು ಒಳಗಿದ್ದಾಗ, ಬೇಲಿಯಿಲ್ಲದ ಹಿತ್ತಲಿಗೆ ಬೀದಿಯ ಆಡುಗಳು ಬಂದವು. ದೊಡ್ಡಪತ್ರೆ ಹೋಯಿತು. ತುಂಬೆ ಹೋಯಿತು. ಆಡು ಸೋಕದ ಸೊಪ್ಪೆಂಬ ಹೆಸರಿಗೆ ತಕ್ಕಂತೆ ಆಡುಸೋಗೆಯೊಂದು ಉಳಿಯಿತು. ಕಿತ್ತು ಹಾಕಿದ್ದ ಲಂಟಾನವನ್ನು ಮೂಸಿ ನೋಡಿ ಬಿಟ್ಟಿದ್ದವು. ವಿಮೋಚನೆಗೊಂಡ ಮಿಕ್ಕ ನಾಡಗಿಡಗಳೆಲ್ಲ ಸಂಜೆಯೊಳಗೆ ಹಿಕ್ಕೆಯಾದವು.

ಮೆಹಂದಿ ಮಾತ್ರ ಚೆನ್ನಾಗಿ ಹತ್ತಿತು. ರುಕ್ಸಾರಳ ಅಂಗೈ ದಾಳಿಂಬೆಯಂತೆ ಕೆಂಪಾಗಿತ್ತು. ನನ್ನದು ಮೊಣಕೈವರೆಗೂ. ಆ ಕೈಯಲ್ಲೇ ಮದುವೆಯ ಬಿರಿಯಾನಿ ಮನೆಯಲ್ಲಿ ಈರುಳ್ಳಿ ಹೆಚ್ಚಿದೆ. ಕಚೇರಿಯಲ್ಲಿ ಸಾಹೇಬರು, ಈ ವಯಸ್ಸಿನಲ್ಲಿ ಇಷ್ಟೊಂದು ಬೇಕಿತ್ತಾ ಎಂದು ಕೇಳಿದರು.

ಮದುವೆ ಮುಗಿದ ಮೇಲೆ, ಗೋರಂಟಿ ಬೇಲಿಯನ್ನು ಮತ್ತೆ ಬೆಳೆಸಿಕೊಡುತ್ತೇನೆಂದು ನೂರ್‌ಜಾನ್‌ಗೆ ಮಾತು ಕೊಟ್ಟೆ. ಉಳಿದ ಕಡ್ಡಿಗಳನ್ನು ಅದೇ ಸಾಲಿನಲ್ಲಿ ನೆಟ್ಟೆ. ಕೊಟ್ಟಿಗೆ ಗೊಬ್ಬರ ತರಿಸಿದೆ. ಆಡು ಬರದಂತೆ ಸುತ್ತ ಬಲೆ ಕಟ್ಟಿದೆ. ಮಳೆ ಬಿದ್ದದ್ದೇ ತಡ, ಚಿಗುರು ಎದ್ದಿತು! ನೂರ್‌ಜಾನ್ ಒಮ್ಮೆ ಬಗ್ಗಿ ನೋಡಿ, ಎಲೆ ಸ್ವಲ್ಪ ಅಗಲವಾಯಿತಲ್ಲ ಎಂದರು. ಗೊಬ್ಬರದ ಗುಣ ಎಂದೆ. ಒರಟಾಗಿದೆಯಲ್ಲ ಎಂದರು. ಹೊಸ ಚಿಗುರು ಹಾಗೇ ಇರುತ್ತದೆ ಎಂದೆ. ಬಲೆ ಹರಿದಾಗಲೂ ಆಡುಗಳು ಅದರ ಹತ್ತಿರ ಸುಳಿಯಲಿಲ್ಲ. ನನ್ನ ಭಯ ಅವಕ್ಕೆ ಇದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ.

ಮೊನ್ನೆ ಯಜಮಾನರು ಹಿತ್ತಲಿನಿಂದ ಕರೆದರು. ಹೋಗಿ ನೋಡಿದರೆ ನನ್ನ ಗೋರಂಟಿ ಹೂ ಬಿಟ್ಟಿತ್ತು. ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಗುಲಾಬಿ, ಗೊಂಚಲು ಗೊಂಚಲು. ಕಡ್ಡಿಗಳು ಎಂದೋ ಕೊಳೆತು, ಮಣ್ಣಿನೊಳಗೆ ಉಳಿದಿದ್ದ ಲಂಟಾನದ ಬೇರು ಎದ್ದು ಬಂದಿತ್ತು. ಬಂಡೀಪುರದಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಆ ಗಿಡಕ್ಕೆ ದಿನವೂ ಎರಡು ಹೊತ್ತು ನೀರು ಹಾಕಿದ್ದು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

"ಗಾಡಿ ತರ್ಲಾ?" ಎಂದರು ಯಜಮಾನರು.

ಬೇಡ ಎಂದೆ. ಈಗ ನೂರ್‌ಜಾನ್ ಮನೆಯತ್ತ ಇರುವ ಹಿತ್ತಲ ಕಡೆಯ ಕಿಟಕಿಯನ್ನು ತೆರೆಯುತ್ತಿಲ್ಲ. ಸೊಳ್ಳೆ ಜಾಸ್ತಿ ಎಂದು ಮನೆಯವರಿಗೆ ಹೇಳಿದ್ದೇನೆ.