ಸರಾಸರಿ ರೊಟ್ಟಿ

ಎಲ್ಲ ರಗಳೆಯೂ ಶುರುವಾದದ್ದು ಎರಡು ರೊಟ್ಟಿಗಳಿಂದ. ಸಿಂಧನೂರಿನ ಒಂದು ಖಾನಾವಳಿಯಲ್ಲಿ ಅಕ್ಕಪಕ್ಕ ಕೂತು ಉಣ್ಣುತ್ತಿದ್ದ ಇಬ್ಬರ ತಟ್ಟೆಗೆ ಅವು ಬಿದ್ದವು. ಒಂದು ಲಿಂಗಸುಗೂರು ತಾಲೂಕಿನ ನಕ್ಷೆಯಂತೆ ಹರಡಿಕೊಂಡಿತ್ತು. ಇನ್ನೊಂದು ಅದರಿಂದ ಹರಿದು ಬೇರೆಯಾದ ಮಸ್ಕಿಯಂತಿತ್ತು. ಮಸ್ಕಿ ಸಿಕ್ಕವನು ಲಿಂಗಸುಗೂರು ಸಿಕ್ಕವನ ಮೇಲೆ ಜಗಳಕ್ಕೆ ಬಿದ್ದ. ಕಾಳುಪಲ್ಯದ ಬಟ್ಟಲು ಹಾರಿತು. ಎರಡನ್ನೂ ಬಡಿದದ್ದು ಒಂದೇ ಕೈ. ಅದು ಅಂಜುಮಳ ಕೈ.

ಮರುದಿನ ಬೆಳಿಗ್ಗೆ, ಖಾನಾವಳಿಗಳಿಗೆ ರೊಟ್ಟಿ ಬಡಿಸಿ ಕಳಿಸುವ ರೊಟ್ಟಿ ಕೇಂದ್ರದ ಒಡತಿ ಗದ್ದೆಮ್ಮ ಅಂಜುಮಳ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿನ್ನ ಬಾಜೂಕ ಕುಂತ ಲಕ್ಷ್ಮಿದೇವಿ ರೊಟ್ಟಿ ನೋಡು ಬೇ. ಒಂದರ ಮ್ಯಾಲೊಂದು ಇಟ್ರ ಒಂದ ರೊಟ್ಟಿ ಅನ್ನಬೇಕು, ಹಂಗ ಕುಂದರತಾವ. ನಿನ್ನವು ಇಟ್ರ ಗುಡ್ಡ ಕುಸದಂಗ ಕಾಣತೈತಿ. ಇವತ್ತೊಂದಿನ ನೋಡ್ತೀನಿ. ಸರಿ ಆಗಲಿಲ್ಲಂದ್ರ ನಾಳಿಂದ ಮನ್ಯಾಗ ಇರು."

"ಹೂಂ ಅಕ್ಕಾ" ಎಂದಳು ಅಂಜುಮ್. ಅದು ಹಂಚಿಗೆ ಮಾತ್ರ ಕೇಳಿಸಿತು.

ಮನೆಯಲ್ಲಿ ಇರುವುದು ಅಂಜುಮಳಿಗೆ ಅಷ್ಟು ಸುಲಭದ ಮಾತಾಗಿರಲಿಲ್ಲ. ಅವಳು ಒಂಬತ್ತನೆಯ ತರಗತಿಯಲ್ಲಿ ಗಣಿತಕ್ಕೆ ಹೆದರಿ ಶಾಲೆ ಬಿಟ್ಟಾಗ ತಾಯಿ ಮೈಮುನಾಬಿ ಒಂದು ಷರತ್ತು ಹಾಕಿದ್ದಳು: "ಕೆಲಸ ಇರೋತನಕ ಕೆಲಸ ಮಾಡು. ಕೆಲಸ ಹೋತು ಅಂದ್ರ ಸುಮ್ನ ಕುಂದರಂಗಿಲ್ಲ, ಹತ್ತನೇತ್ತ ಪರೀಕ್ಷಾ ಕಟ್ಟಬೇಕು." ಹೀಗಾಗಿ ಅಂಜುಮ್ ಹಿಟ್ಟಿನ ಮುಂದೆ ಕೂತಿದ್ದು ರೊಟ್ಟಿಯ ಮೇಲಿನ ಪ್ರೀತಿಯಿಂದಲ್ಲ. ಜಗತ್ತಿನಲ್ಲಿ ಗಣಿತ ಬಾರದ ಜಾಗ ಇದೊಂದೇ ಎಂದು ಅವಳು ನಂಬಿದ್ದಳು.

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಗಣಿತ ಬಂದು ನಿಂತಿತು.

ಓಣಿಯ ಹಿಂದಿನ ಹೈಸ್ಕೂಲಿನ ಪಕೀರಪ್ಪ ಸರ್, ಜೊತೆಗೆ ಸ್ಕೇಲು ಹಿಡಿದ ಹತ್ತಾರು ಮಕ್ಕಳು. ಅಂಜುಮ್ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ಅದರ ಅಗತ್ಯವೇನೂ ಇರಲಿಲ್ಲ. ಅವರ ತರಗತಿಯಲ್ಲಿ ಅವಳು ಕೂತಿದ್ದಷ್ಟೂ ದಿನ ಕಂಬದ ಹಿಂದೆಯೇ ಕೂತಿದ್ದಳು. ಸರ್ ಕಂಬವನ್ನು ಬೇಕಾದರೆ ಗುರುತಿಸಿಯಾರು.

"ಗದ್ದೆಮ್ಮಾ, ಮಧ್ಯಾಹ್ನ ವಿಷಯ ಪರಿವೀಕ್ಷಕರು ಬರಾಕತ್ತಾರ. ಪಾಠ ಬರೀ ಬೋರ್ಡಿನ ಮ್ಯಾಲ ಇರಬಾರದಂತ, ಮಕ್ಕಳು ಕೈಯಿಂದ ಮಾಡಿ ಕಲೀಬೇಕಂತ. ಒಂದಿಷ್ಟು ರೊಟ್ಟಿ ಅಳಕೊಂಡು ಹೋಗ್ತೀವಿ."

"ತೂಕ ಮಾಪದವರ ಕಡಿಂದ ಬಂದಿಲ್ಲಲ್ರೀ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಗದ್ದೆಮ್ಮ ಒಪ್ಪಿದಳು.

ಮಕ್ಕಳು ಲಕ್ಷ್ಮಿದೇವಿಯ ಸುತ್ತ ಕೂತರು. ಹಂಚಿನಿಂದ ಇಳಿದ ಪ್ರತಿ ರೊಟ್ಟಿಗೂ ಸ್ಕೇಲು ಇಟ್ಟರು. ಎಲ್ಲವೂ ಒಂಬತ್ತು ಇಂಚು.

"ನೋಡ್ರಿ ಮಕ್ಕಳ" ಎಂದರು ಸರ್, "ಒಳಗ ಹಾಕಿದ್ದು ಏನು? ಹಿಟ್ಟಿನ ಉಂಡಿ. ಹೊರಗ ಬಂದದ್ದು? ರೊಟ್ಟಿ. ಅದ ಉಂಡಿ ಹಾಕಿದ್ರ ಪ್ರತಿ ಸಲ ಅದ ರೊಟ್ಟಿ ಬರಬೇಕು. ಇದಕ್ಕ ಫಲನ ಅಂತಾರ. ಲಕ್ಷ್ಮಿದೇವಿ ಅಂದ್ರ ಫಲನ."

"ನನಗ ಏನಂದ್ರಿ?" ಲಕ್ಷ್ಮಿದೇವಿ ಲಟಕ್ಕನೆ ತಲೆ ಎತ್ತಿದಳು.

"ಒಳ್ಳೇದ ಅಂದೀನವಾ."

ಆಮೇಲೆ ಎಲ್ಲರೂ ಅಂಜುಮಳ ಕಡೆ ತಿರುಗಿದರು. ಅಷ್ಟು ಕಣ್ಣುಗಳು ಒಟ್ಟಿಗೆ ಬಿದ್ದದ್ದೇ ತಡ, ಕೈ ಓಡತೊಡಗಿತು. ಉಂಡೆ ಹಿಗ್ಗಿತು, ಹಿಗ್ಗುತ್ತಲೇ ಹೋಯಿತು. ಹನ್ನೊಂದು ಇಂಚು! ಗಾಬರಿಯಾಗಿ ಮುಂದಿನದಕ್ಕೆ ಕೈ ತಡೆದಳು. ಏಳು ಇಂಚು.

"ಈಕಿ ಫಲನ ಅಲ್ಲ" ಎಂದು ಒಬ್ಬ ಹುಡುಗಿ ತೀರ್ಪು ಕೊಟ್ಟಳು. ಉಳಿದವರು ಬರೆದುಕೊಂಡರು.

"ಇರಲಿ, ಸರಾಸರಿ ನೋಡೂಣು" ಎಂದರು ಸರ್. "ಎಲ್ಲಾ ಕೂಡಿಸಿ ಸಮ ಹಂಚಿದ್ರ ಒಂದೊಂದಕ್ಕ ಎಷ್ಟು ಬರತೈತಿ, ಅದ ಸರಾಸರಿ. ಒಂದು ಹೆಚ್ಚಾಗಿ ಇನ್ನೊಂದು ಕಡಿಮಿ ಆದ್ರೂ ನಡೀತೈತಿ."

ನಡೀತೈತಿ! ಸೆರಗಿನೊಳಗೆ ಅಂಜುಮಳ ಕಣ್ಣುಗಳು ಅರಳಿದವು. ತನ್ನಂಥವರಿಗಾಗಿಯೇ ಇಂಥದೊಂದು ಗಣಿತ ಇತ್ತೆಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೋ ಏನೋ, ಕಂಬ ಅಡ್ಡವಿತ್ತು. ಮುಂದಿನದು ಕೈ ಮೀರಿ ಹನ್ನೆರಡಾಯಿತು. ಅದಕ್ಕೆ ಪ್ರಾಯಶ್ಚಿತ್ತವಾಗಿ ಆರರದೊಂದು ಬಡಿದಳು. ಕೊನೆಯದು ಅದಾಗಿಯೇ ಒಂಬತ್ತಕ್ಕೆ ನಿಂತಿತು. ಮಕ್ಕಳು ಕೂಡಿಸಿದರು, ಭಾಗಿಸಿದರು.

"ಒಂಬತ್ತು ರೀ ಸರ್! ಲಕ್ಷ್ಮಿದೇವಕ್ಕಂದು ಒಂಬತ್ತು, ಈ ಅಕ್ಕಂದೂ ಒಂಬತ್ತು!"

"ಅಂದ್ರ ಇಬ್ಬರೂ ಸಮ?" ಗದ್ದೆಮ್ಮ ಬೆರಗಾದಳು. "ಅಲ್ಲಬೇ ಅಂಜುಮ್, ಸುಮ್ ಸುಮ್ನ ಬೈದ್ನಲ್ಲ ನಿನಗ!"

ಅಂಜುಮಳಿಗೆ ಗಣಿತದ ಮೇಲೆ ಪ್ರೀತಿಯೇ ಹುಟ್ಟಿತು. ಅದು ಉಳಿದದ್ದು ಒಂದು ರೊಟ್ಟಿ ಬೇಯುವಷ್ಟು ಹೊತ್ತು.

"ಸಮ ಎಲ್ಲಿಂದ ಬಂತು ಗದ್ದೆಮ್ಮಾ?" ಎಂದರು ಸರ್. "ಇಲ್ಲೇ ಮಂದಿ ಮೋಸ ಹೋಗ್ತಾರ. ಈಗ ವ್ಯಾಪ್ತಿ ನೋಡ್ರಿ. ದೊಡ್ಡದರಾಗ ಸಣ್ಣದು ಕಳೀರಿ. ಲಕ್ಷ್ಮಿದೇವಿದು ಸೊನ್ನಿ. ಈಕಿದು ಆರು ಇಂಚು! ಅಂದ್ರ ಇವರಿಬ್ಬರಿಗೂ ಅಜಗಜಾಂತರ."

ಗದ್ದೆಮ್ಮನ ಮುಖ ಹಂಚಿನಂತೆ ಕಾಯಿತು. "ಆರು ಇಂಚ್ ಮೋಸ? ಸರಾಸರಿ ಕಟಗೊಂಡು ನನ್ನ ಗಿರಾಕಿ ಏನು ಮಾಡ್ಲಿ? ಏಳು ಬೇ, ಕೈ ತೊಳಕೋ."

ಅಂಜುಮ್ ಕೈ ತೊಳೆದಳು. ಹತ್ತನೆಯ ತರಗತಿಯ ಗಣಿತ ಪುಸ್ತಕ ಬಾಗಿಲಾಚೆ ತನಗಾಗಿ ಕಾಯುತ್ತಿರುವುದು ಅವಳಿಗೆ ಕಂಡಂತಾಯಿತು. ಆದರೆ ಬಾಗಿಲಲ್ಲಿ ಇದ್ದವರು ಪಕೀರಪ್ಪ ಸರ್.

"ನಿನ್ನ ಹೆಸರೇನವಾ? ಅಂಜುಮ್? ಎಲ್ಲೋ ಕೇಳಿದಂಗೈತಿ. ನೋಡು, ಇಷ್ಟು ವರ್ಷ ಪಾಠ ಮಾಡೀನಿ, ಸರಾಸರಿ ಸರಿ ಇದ್ದು ಉಳಿದದ್ದೆಲ್ಲಾ ಕೆಟ್ಟಿರೋ ಇಂಥಾ ಉದಾಹರಣಿ ನನಗ ಸಿಕ್ಕಿದ್ದಿಲ್ಲ. ಮಧ್ಯಾಹ್ನ ಪರಿವೀಕ್ಷಕಿ ಮೇಡಂ ಮುಂದ ಬಂದು ಹಿಂಗ ಕೆಟ್ಟದಾಗಿ ಬಡಿ, ಸಾಕು. ಬಿಸಿಯೂಟದ ಅಡಗಿ ಕೋಣ್ಯಾಗ ಒಂದು ಕೆಲಸ ಖಾಲಿ ಐತಿ, ಹೆಡ್‌ಮಾಸ್ತರಿಗೆ ನಾ ಹೇಳ್ತೀನಿ."

ಕೆಟ್ಟದಾಗಿ ಬಡಿದರೆ ಕೆಲಸ! ಹುಟ್ಟಿದಾಗಿನಿಂದ ಇದಕ್ಕೇ ತಯಾರಾದವಳಂತೆ ಅಂಜುಮ್ ತಲೆ ಆಡಿಸಿದಳು.

ಮಧ್ಯಾಹ್ನ ತರಗತಿಯ ಮೇಜಿನ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಗದ್ದೆಮ್ಮನಿಂದ ಎರವಲು ತಂದ ಹಂಚು ಏರಿತು. "ನನ್ನ ಹಂಚು ಎಲ್ಲಿಗೆ ಹೊಕ್ಕೈತೋ ನಾನೂ ಅಲ್ಲಿಗೆ" ಎಂದು ಗದ್ದೆಮ್ಮ ಮುಂದಿನ ಬೆಂಚಿನಲ್ಲೇ ಕೂತಳು. ವಿಷಯ ಪರಿವೀಕ್ಷಕಿ ಯಶೋಧರಾ ಮೇಡಂ ಕನ್ನಡಕ ಏರಿಸಿ ಕುರ್ಚಿಯನ್ನು ಒಲೆಯ ಹತ್ತಿರವೇ ಎಳೆದುಕೊಂಡರು. ಅಂಜುಮ್ ಕಂಬದ ಕಡೆ ಆಸೆಯಿಂದ ನೋಡಿದಳು. ಆದರೆ ಮೇಜು ಇದ್ದದ್ದು ನಟ್ಟನಡುವೆ.

ಹೆದರಿಕೆಗೆ ಅವಳ ಮೈಯೆಲ್ಲ ಕಟ್ಟಿಗೆಯಾಯಿತು. ಬೆಳಿಗ್ಗೆ ಓಡಿದ್ದ ಕೈಯೂ ಕಟ್ಟಿಗೆಯಾಯಿತು. ಹೆಚ್ಚು ಹೋಗದು, ಕಡಿಮೆ ಬರದು. ಮೊದಲ ರೊಟ್ಟಿ ಇಳಿಯಿತು, ಹುಣ್ಣಿಮೆ ಚಂದ್ರನ ಹಾಗೆ. ಒಂಬತ್ತು ಇಂಚು. ಸರ್ ಕಣ್ಣಲ್ಲೇ 'ದೊಡ್ಡದು, ದೊಡ್ಡದು' ಎಂದರು. ಎರಡನೆಯದೂ ಒಂಬತ್ತು. ಸರ್ ಎರಡೂ ಕೈ ಅಗಲಿಸಿ ತೋರಿಸಿದರು, ಮೇಡಂ ತಿರುಗಿದಾಗ ಮೈ ಮುರಿದಂತೆ ಮಾಡಿದರು. ಮೂರನೆಯದೂ ಒಂಬತ್ತು. ನಾಲ್ಕನೆಯದನ್ನು ಕೆಡಿಸಲೇಬೇಕೆಂದು ಅಂಜುಮ್ ಅಲ್ಲಾಹನನ್ನು ನೆನೆದಳು. ಅದು ಉಳಿದವುಗಳಿಗಿಂತ ದುಂಡಗೆ ಬಂತು. ಐದನೆಯದನ್ನು ಅಳೆಯುವ ಮೊದಲೇ ಮಕ್ಕಳು "ಒಂಬತ್ತು" ಎಂದು ಕೂಗಿದರು.

ಪಕೀರಪ್ಪ ಸರ್ ಹಣೆಯ ಬೆವರು ಒರೆಸಿಕೊಂಡರು. ವ್ಯಾಪ್ತಿ ಸೊನ್ನೆ. ಪಾಠವೂ ಸೊನ್ನೆ.

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಷ್ಟು ಸಲ ಅದೇ ಉಂಡೆ ಹಾಕಿದರೂ ಅದೇ ರೊಟ್ಟಿ! ಫಲನವನ್ನು ಇಷ್ಟು ಚಂದ ಹೇಳಿಕೊಟ್ಟಿದ್ದನ್ನು ನಾನು ಎಲ್ಲೂ ನೋಡಿಲ್ಲ, ಪಕೀರಪ್ಪನವರೇ."

"ಹೌದ್ರೀ ಮೇಡಂ, ಇವತ್ತಿನ ಪಾಠ ಫಲನಾನ ರೀ" ಎಂದರು ಸರ್. ಬೋರ್ಡಿನ ಮೇಲೆ ಬರೆದಿದ್ದ 'ಸಂಖ್ಯಾಶಾಸ್ತ್ರ'ವನ್ನು ಬೆನ್ನಿನಿಂದಲೇ ಒರೆಸಿಬಿಟ್ಟರು.

ಮುಂದಿನ ಬೆಂಚಿನಿಂದ ಗದ್ದೆಮ್ಮ ಎದ್ದಳು. "ಅಬಬಬಾ! ಇಷ್ಟು ಚಂದ ಬಡಿಯಾಕ ಬರತೈತಿ ನಿನಗ! ಅಂದ್ರ ನನ್ನ ಅಂಗಡ್ಯಾಗ ಬೇಕಂತನ ಕೆಡಸ್ತಿದ್ದಿ?"

"ಇಲ್ಲಕ್ಕಾ, ಅದು ತಾನಾಗೇ..."

"ಯಾವುದು ತಾನಾಗೇ? ಕೆಡಸೋದಾ, ಬಡಿಯೋದಾ? ಇನ್ನ ನನ್ನ ಬಾಗಿಲಿಗೆ ಬರಬ್ಯಾಡ." ಬಿಸಿ ಹಂಚನ್ನು ಸೆರಗಿನಲ್ಲಿ ಹಿಡಿದು ಗದ್ದೆಮ್ಮ ನಡೆದೇಬಿಟ್ಟಳು.

ಅಡುಗೆ ಕೋಣೆಯ ಕೆಲಸವಾದರೂ ಉಳಿಯಿತಲ್ಲ ಎಂದು ಅಂಜುಮ್ ಸರ್ ಕಡೆ ನೋಡಿದಳು. ಅಷ್ಟರಲ್ಲಿ ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟಿದ್ದರು.

"ಎಷ್ಟನೆಯ ತರಗತಿಯವರೆಗೆ ಓದಿದ್ದೀಯಮ್ಮ? ಒಂಬತ್ತೇ? ಇಂಥ ಹುಡುಗಿ ಅಡುಗೆ ಕೋಣೆಯಲ್ಲಿ ಕೊಳೆಯಬಾರದು. ಪಕೀರಪ್ಪನವರೇ, ಈಕೆಯನ್ನು ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂಡಿಸಿ. ಗಣಿತ ನೀವೇ ಹೇಳಿಕೊಡಿ. ದಿನಾಲೂ. ಮುಂದಿನ ಬೆಂಚಿನಲ್ಲಿ ಕೂಡಿಸಿ."

ಸುದ್ದಿ ಅಂಜುಮಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಮೈಮುನಾಬಿ ಓಣಿಗೆಲ್ಲ ಸಕ್ಕರೆ ಹಂಚಿ ಮುಗಿಸಿದ್ದಳು. ಸರ್ ಮೊದಲ ಲೆಕ್ಕವನ್ನೂ ಕೊಟ್ಟು ಕಳಿಸಿದ್ದರು: 'ಒಬ್ಬ ಹುಡುಗಿ ಬಡಿದ ರೊಟ್ಟಿಗಳ ಅಗಲ ಇಂಚುಗಳಲ್ಲಿ ಹನ್ನೊಂದು, ಏಳು, ಹನ್ನೆರಡು, ಆರು, ಒಂಬತ್ತು. ಸರಾಸರಿ ಕಂಡುಹಿಡಿಯಿರಿ.'

ತನ್ನದೇ ರೊಟ್ಟಿ, ಹೆದರುವುದೇನು ಎಂದು ಅಂಜುಮ್ ಕೂಡಿಸಿದಳು. ಮನೆಯಲ್ಲಿ ಉಣ್ಣುವವರು ಮೂವರು, ಅದಕ್ಕೆ ಮೂರರಿಂದ ಭಾಗಿಸಿದಳು. ಹದಿನೈದು ಬಂತು. ತಾನು ಬಡಿದ ಅತಿ ದೊಡ್ಡ ರೊಟ್ಟಿಗಿಂತ ಎಲ್ಲ ರೊಟ್ಟಿಗಳ ಸರಾಸರಿಯೇ ದೊಡ್ಡದಾದದ್ದನ್ನು ಅವಳು ಬಹಳ ಹೊತ್ತು ನೋಡಿದಳು.

"ಮೇಡಂ ಚಪ್ಪಾಳಿ ತಟ್ಟಿದ ರೊಟ್ಟಿ ನಮಗೂ ತಿನಸು ಬೇಟಿ" ಎಂದು ತಂದೆ ಜಂಗ್ಲಿಸಾಬ್ ಹಂಚಿನ ಮುಂದೆ ಬಂದು ಕೂತ. ಮೈಮುನಾಬಿಯೂ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು. ಮನೆಯಲ್ಲಿ ಹೆದರಿಕೆ ಇರಲಿಲ್ಲ. ಅಂಜುಮ್ ಆರಾಮಾಗಿ ಉಂಡೆ ತೆಗೆದುಕೊಂಡಳು, ಆರಾಮಾಗಿ ಬಡಿದಳು, ಒಬ್ಬೊಬ್ಬರಿಗೆ ಒಂದೊಂದು ಹಾಕಿದಳು.

ಜಂಗ್ಲಿಸಾಬ್ ತನ್ನ ತಟ್ಟೆ ನೋಡಿಕೊಂಡ. ಆಮೇಲೆ ಹೆಂಡತಿಯ ತಟ್ಟೆ ನೋಡಿದ.

"ಇದೇನಬೇ" ಎಂದ, "ಆಕಿಗೆ ಲಿಂಗಸುಗೂರು, ನನಗ ಮಸ್ಕಿ?"