ಸಿಂಥೆಟಿಕ್ ಆಯಿಲ್ ಮತ್ತು ನನ್ನ ಕಿವಿ

ನನಗೆ ಕೋಪ ಬರುವುದಿಲ್ಲ. ಬರಿಸುತ್ತಾರೆ. ಈ ವ್ಯತ್ಯಾಸ ನನ್ನ ಹೆಂಡತಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ತಿಳಿದಿಲ್ಲ.

ಅವಳು ಕಾರು ಓಡಿಸುವುದನ್ನು ಕಲಿಸುವವಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಡ್ರೈವಿಂಗ್ ಸ್ಕೂಲಿನ ಆಫೀಸು. ಒಂದು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಬಾಗಿಲಾಚೆ ಒಂದು ಬಿಳಿ ಕಾರು. ಆ ಕಾರಿನಲ್ಲಿ ಬ್ರೇಕು ಎರಡು, ಕ್ಲಚ್ಚು ಎರಡು. ಒಂದೊಂದು ಕಲಿಯುವವರ ಕಾಲಿಗೆ, ಇನ್ನೊಂದೊಂದು ಇವಳ ಕಾಲಿಗೆ. ನಮ್ಮ ಸಂಸಾರದಲ್ಲೂ ಅದೇ ಏರ್ಪಾಡು. ನಾನು ಎಷ್ಟೇ ಜೋರಾಗಿ ಹೊರಟರೂ ಬ್ರೇಕು ಅವಳ ಕಾಲ ಕೆಳಗಿರುತ್ತದೆ. ಕಾರಿನ ಮೇಲೆ ನನಗಿರುವ ಅಧಿಕಾರವೆಂದರೆ ತೊಳೆಯುವುದು, ಚಕ್ರಕ್ಕೆ ಗಾಳಿ ನೋಡುವುದು, ವರ್ಷಕ್ಕೊಮ್ಮೆ ಬ್ಯಾಟರಿ ಬಿಚ್ಚಿ ಶುಚಿ ಮಾಡುವುದು.

ನನ್ನದು ಎರಡು ಬೀದಿ ಆಚೆ ಮೋಟರ್ ರಿಪೇರಿ ಅಂಗಡಿ. ಸುಟ್ಟುಹೋದ ಪಂಪು, ಮಿಕ್ಸಿ, ಫ್ಯಾನುಗಳು ನನ್ನಲ್ಲಿಗೆ ಬರುತ್ತವೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರಿಗೂ ನನಗೂ ಮಾತಿಗೆ ಮಾತು ಬೆಳೆದು ನಾನು ಶಾಲೆಯನ್ನು ಡಿಸ್ಮಿಸ್ ಮಾಡಿದೆ. ಅಲ್ಲಿಂದ ಮುಂದೆ ನನ್ನ ವಿದ್ಯೆಯೆಲ್ಲ ಕಿವಿಯದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರೆ ಸಾಕು, ಯಾವ ಬೇರಿಂಗಿಗೆ ಏನು ಸಂಕಟ ಎಂದು ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು. ಡ್ರೈವಿಂಗ್ ಸ್ಕೂಲಿನ ಯಜಮಾನಿಯ ಗಂಡನಾದ ನನಗೆ ಲೈಸೆನ್ಸ್ ಇಲ್ಲ. ಟೆಸ್ಟಿನ ದಿನ ಇನ್‌ಸ್ಪೆಕ್ಟರು ರಿವರ್ಸ್ ತೆಗೆದುಕೊಳ್ಳಿ ಎಂದರು. ಯಾಕೆ ಎಂದು ಕೇಳಿದೆ. ಅಷ್ಟೇ. (ಸ್ವಲ್ಪ ಗಟ್ಟಿಯಾಗಿ ಕೇಳಿದೆ.)

ಈಗ ಆಯಿಲ್ ವಿಷಯ. ಕಳೆದ ಒಂದು ವರ್ಷದಿಂದ ಆ ಕಾರು ಸ್ಟಾರ್ಟ್ ಆದ ಕೂಡಲೇ ಕಟಕಟ ಎನ್ನುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಮೊದಲ ಕ್ಲಾಸು. ನನ್ನ ತಲೆದಿಂಬಿನವರೆಗೂ ಆ ಸದ್ದು ಬರುತ್ತಿತ್ತು.

"ಕೇಳಿಸ್ತಾ? ಇಂಜಿನ್ ಹಲ್ಲು ಕಡೀತಿದೆ. ಫುಲ್ ಸಿಂಥೆಟಿಕ್ ಹಾಕ್ಸು ಅಂತ ನಿನಗೆ ಎಷ್ಟು ಸಲ ಹೇಳ್ಲಿ?"

"ರೀ, ಈ ಕಾರು ಎರಡನೇ ಗೇರು ದಾಟಿದ್ದನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ? ಇದಕ್ಕೆ ರೇಸ್ ಕಾರಿನ ಆಯಿಲ್ ಯಾಕೆ?"

"ಅದಕ್ಕೇ ಬೇಕು ಕಣೇ. ಹೊರಡೋದು ನಿಲ್ಲೋದು, ಹೊರಡೋದು ನಿಲ್ಲೋದು. ನಿನ್ನ ಶಿಷ್ಯರು ಇಂಜಿನ್ನನ್ನ ಓಡ್ಸಲ್ಲ, ಬೇಯಿಸ್ತಾರೆ. ಸಾದಾ ಆಯಿಲ್ ಆ ಬಿಸಿಗೆ ಬೇಗ ಸೋತುಹೋಗುತ್ತೆ. ಸಿಂಥೆಟಿಕ್ ತಡ್ಕೊಳ್ಳುತ್ತೆ."

"ಬೆಲೆ ಎರಡೂವರೆ ಪಟ್ಟು."

"ಬಾಳಿಕೇನೂ ಅಷ್ಟೇ ಪಟ್ಟು."

"ಬಟ್ಟೆ ಸಿಂಥೆಟಿಕ್ ಅಂದ್ರೆ ಅಗ್ಗ, ಆಯಿಲ್ ಸಿಂಥೆಟಿಕ್ ಅಂದ್ರೆ ದುಬಾರಿ. ಇದ್ಯಾವ ನ್ಯಾಯ ರೀ?"

ಮೂಲೆಯಲ್ಲಿ ಬೀನ್ಸ್ ನಾರು ಬಿಡಿಸುತ್ತಿದ್ದ ನನ್ನ ಅಮ್ಮ ತಲೆ ಎತ್ತದೆ ಹೇಳಿದರು: "ಬಿಸಿ ತಡ್ಕೊಳ್ಳೋದು ಮನುಷ್ಯರಿಗೂ ಸಿಗುತ್ತೇನೋ? ಸಿಕ್ಕಿದ್ರೆ ನಿನಗೂ ಒಂದು ಡಬ್ಬ ತಂದ್ಕೋ."

ಹೆತ್ತವರೇ ಹೀಗೆಂದರೆ ಕಟ್ಟಿಕೊಂಡವಳು ಇನ್ನೇನು ಅಂದಾಳು.

ಆಯಿಲ್ ಬದಲಾಯಿಸುವ ಕೆಲಸ ನನ್ನ ಹೆಂಡತಿಯ ತಮ್ಮನದು. ಅವನು ಗ್ಯಾರೇಜ್ ಇಟ್ಟಿದ್ದಾನೆ. ಅವನ ಮೇಲೆ ನನ್ನದೊಂದು ಹಳೆಯ ಮೊಕದ್ದಮೆ ಇದೆ. ಹಿಂದಿನ ವರ್ಷ ನನ್ನ ಹತ್ತರ ಸ್ಪ್ಯಾನರ್, ಅಂದರೆ ಹತ್ತು ಮಿಲಿಮೀಟರ್ ನಟ್ಟು ಬಿಚ್ಚುವುದು, ಕಾಣೆಯಾಯಿತು. ಸೆಟ್ಟಿನಲ್ಲಿ ಹತ್ತರದ್ದು ಇಲ್ಲವೆಂದರೆ ಬಾಯಲ್ಲಿ ಮುಂದಿನ ಹಲ್ಲು ಇಲ್ಲದ ಹಾಗೆ. ಆ ವಾರ ನಮ್ಮ ಮನೆಗೆ ಬಂದಿದ್ದ ಸ್ಪ್ಯಾನರ್ ಬಳಸುವ ಜೀವಿ ಅವನೊಬ್ಬನೇ. ಅಂದಿನಿಂದ ಅವನು ಎದುರಾದಾಗಲೆಲ್ಲ ನಾನು ಕ್ಷೇಮಸಮಾಚಾರದ ಬದಲು "ನನ್ನ ಸ್ಪ್ಯಾನರ್ ಎಲ್ಲಯ್ಯ?" ಎಂದೇ ಕೇಳುತ್ತಿದ್ದೆ. ಅವನು "ಭಾವ, ನನ್ನ ಹತ್ರ ಆರು ಇದೆ, ಒಂದು ತಗೊಳ್ಳಿ" ಎನ್ನುತ್ತಿದ್ದ. ಕಳ್ಳನ ಔದಾರ್ಯ ಎಂದು ನಾನು ತಿಳಿದಿದ್ದೆ.

ಕೊನೆಗೊಂದು ದಿನ ಹೆಂಡತಿ ಕೈಯಲ್ಲಿದ್ದ ರಿಜಿಸ್ಟರ್ ಮುಚ್ಚಿ ಹೇಳಿದಳು: "ಆಯ್ತು, ಒಂದು ತಿಂಗಳು ಪರೀಕ್ಷೆ. ಮೊದಲ ಹದಿನೈದು ದಿನ ಇಂಜಿನ್ನಲ್ಲಿ ಯಾವ ಆಯಿಲ್ ಇದೆ ಅಂತ ಒಂದು ಚೀಟಿ, ಆಮೇಲಿನ ಹದಿನೈದು ದಿನ ಯಾವುದಿದೆ ಅಂತ ಇನ್ನೊಂದು ಚೀಟಿ. ಬರೆದು ಅತ್ತೆ ಕೈಗೆ ಕೊಡ್ತೀನಿ. ನಿಮ್ಮ ಕಿವಿ ಹೇಳಲಿ ನೋಡೋಣ."

"ನಾನು ಗೆದ್ರೆ?"

"ಈ ಕಾರು ಇರೋವರೆಗೂ ಸಿಂಥೆಟಿಕ್ಕೇ."

"ಸಾಲ್ದು. ನಿನ್ನ ತಮ್ಮನ ಎದುರಿಗೆ 'ನೀವು ಹೇಳಿದ್ದೇ ಸರಿ' ಅನ್ಬೇಕು."

ಈ ಮಾತಿನ ತೂಕ ಓದುಗರಿಗೆ ತಿಳಿಯಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ನಾನು "ಆಯ್ತು ಬಿಡಿ" ಕೇಳಿದ್ದೇನೆ, "ನಿಮ್ಮಿಷ್ಟ" ಕೇಳಿದ್ದೇನೆ, "ನೋಡೋಣ" ಎಂಬುದನ್ನಂತೂ ದಿನಕ್ಕೆರಡು ಬಾರಿ ಕೇಳಿದ್ದೇನೆ. "ನೀವು ಹೇಳಿದ್ದೇ ಸರಿ" ಎಂಬುದು ಆ ಬಾಯಿಂದ ಒಮ್ಮೆಯೂ ಬಂದಿಲ್ಲ.

"ಅಂತೀನಿ," ಎಂದಳು. "ಸೋತ್ರೆ, ನೀವು ನನ್ನ ಹತ್ರ ಡ್ರೈವಿಂಗ್ ಕಲೀಬೇಕು. ಹಾಡುಹಗಲಲ್ಲಿ, ನಿಮ್ಮ ಅಂಗಡಿ ಬೀದೀಲಿ, ಬಾಯಿ ಮುಚ್ಕೊಂಡು."

ಕೊನೆಯ ಷರತ್ತು ಕ್ರೂರವಾಗಿತ್ತು. ಆದರೆ ನನ್ನ ಕಿವಿಯ ಮೇಲೆ ನನಗೆ ಅಪಾರ ನಂಬಿಕೆ. ಒಪ್ಪಿದೆ. ಮೊದಲ ಚೀಟಿ ಅಮ್ಮನ ಕನ್ನಡಕದ ಡಬ್ಬಿ ಸೇರಿತು.

ಮಾರನೆಯ ಬೆಳಿಗ್ಗೆಯಿಂದಲೇ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ ಆಲಿಸತೊಡಗಿದೆ. ಆರು ಗಂಟೆಯ ಕ್ಲಾಸಿಗೆ ಬರುವ ಹಲ್ಲಿನ ಡಾಕ್ಟರು ಪಕ್ಕದಲ್ಲಿ ನಿಂತು ನೋಡಿ, "ರೋಗಿ ಹೇಗಿದ್ದಾರೆ?" ಎಂದರು.

"ಸಾದಾ ಆಯಿಲ್ ಸಾರ್. ಕಟಕಟ ಕೇಳಿ. ಪಿಸ್ಟನ್ ಒಣಗಿಹೋಗಿದೆ."

"ಕೀಳಬೇಕಾ?" ಎಂದರು ಡಾಕ್ಟರು, ಅಭ್ಯಾಸಬಲದಿಂದ.

ಹದಿನಾರನೆಯ ದಿನ ಕಾರು ಗ್ಯಾರೇಜಿಗೆ ಹೋಗಿ ಬಂತು. ಎರಡನೆಯ ಚೀಟಿಯೂ ಕನ್ನಡಕದ ಡಬ್ಬಿಗೆ ಹೋಯಿತು. ನಾನು ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದೆ. ಹೆಂಡತಿ ಸ್ಟಾರ್ಟ್ ಮಾಡಿದಳು.

ಸದ್ದೇ ಇಲ್ಲ. ಕಟ ಇಲ್ಲ, ಪಟ ಇಲ್ಲ. ಹಾಲು ಕುಡಿದು ಮಲಗಿದ ಕೂಸಿನ ಉಸಿರಿನಂತೆ ಇಂಜಿನ್ ಗುಯ್ಗುಡುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆ ಹದಿನೈದು ದಿನ ನಾನು ನಾನಾಗಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಉಪನ್ಯಾಸ ಕೊಟ್ಟೆ. ಮಿಕ್ಸಿ ರಿಪೇರಿಗೆ ಬಂದ ಒಬ್ಬ ಹೆಂಗಸು ಮಿಕ್ಸಿಗೂ ಸಿಂಥೆಟಿಕ್ ಹಾಕಿಕೊಡಿ ಎಂದರು. ಎದುರಿನ ಬೇಕರಿಯವನು ನಾನು ಬರುವುದನ್ನು ಕಂಡು ಶಟರ್ ಅರ್ಧ ಇಳಿಸಲು ಕಲಿತ. ಮನೆಯಲ್ಲಿ ಯಾರ ಮೇಲೂ ರೇಗಲಿಲ್ಲ. ಅಮ್ಮ ಎರಡು ಸಲ ನನ್ನ ಹಣೆ ಮುಟ್ಟಿ ನೋಡಿದರು.

ತೀರ್ಪಿನ ದಿನ ಬಂತು. ಮುಂದಿನ ಕೋಣೆಯಲ್ಲಿ ಅಮ್ಮ, ಹೆಂಡತಿ, ಅವಳ ತಮ್ಮ, ಕ್ಲಾಸು ಮುಗಿಸಿಯೂ ಹೊರಡದೆ ಉಳಿದ ಹಲ್ಲಿನ ಡಾಕ್ಟರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಉದ್ಘೋಷಿಸಿದೆ: "ಮೊದಲ ಹದಿನೈದು ದಿನ ಸಾದಾ. ಆಮೇಲಿನ ಹದಿನೈದು ದಿನ ಫುಲ್ ಸಿಂಥೆಟಿಕ್. ಇದರಲ್ಲಿ ಕೂದಲೆಳೆಯಷ್ಟು ತಪ್ಪಿದ್ರೂ ನಾನು ಮೀಸೆ ತೆಗೀತೀನಿ."

"ಮೀಸೆ ಬೇಡ, ಷರತ್ತು ಸಾಕು," ಎಂದಳು ಹೆಂಡತಿ.

ಅಮ್ಮ ಕನ್ನಡಕ ಏರಿಸಿ ಮೊದಲ ಚೀಟಿ ಬಿಡಿಸಿದರು. "ಫುಲ್ ಸಿಂಥೆಟಿಕ್. ಹತ್ತು ತಿಂಗಳ ಹಿಂದೆ ಹಾಕಿಸಿದ್ದು."

ನನಗೆ ಅರ್ಥವಾಗಲಿಲ್ಲ. "ಇನ್ನೊಂದು ಓದಮ್ಮ."

"ಅದೇ ಆಯಿಲ್. ಇನ್ನೂ ಎರಡು ತಿಂಗಳು ಬರುತ್ತೆ, ಅದಕ್ಕೇ ಬದಲಾಯಿಸಿಲ್ಲ. ಗ್ಯಾರೇಜಿನಲ್ಲಿ ಹಾಕಿದ್ದು ಏನೂ ಇಲ್ಲ. ತೆಗೆದದ್ದು, ಬ್ಯಾಟರಿ ಸಂದಿಯಿಂದ..." ಅಮ್ಮ ಚೀಟಿಯನ್ನು ಕಣ್ಣ ಹತ್ತಿರ ತಂದರು. "ಹತ್ತರ ಸ್ಪ್ಯಾನರ್, ಒಂದು."

ಭಾವಮೈದುನ ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಹಿಡಿಯ ಮೇಲೆ ನಾನೇ ಕೊರೆದ ಗುರುತು. ಒಂದು ವರ್ಷ ಇಂಜಿನ್ ಪಕ್ಕ ಕುಣಿದೂ ಕುಣಿದೂ ಅದರ ಒಂದು ಬದಿ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಬ್ಯಾಟರಿ ಶುಚಿ ಮಾಡೋದು ಯಾರ ಅಧಿಕಾರ ಭಾವ?" ಎಂದ, ಅತ್ಯಂತ ವಿನಯದಿಂದ.

ನಾನು ಅವನನ್ನು ಬಿಟ್ಟು ಹೆಂಡತಿಯತ್ತ ತಿರುಗಿದೆ. "ಇದು ಮೋಸ. ಬೇರೆ ಬೇರೆ ಆಯಿಲ್ ಹಾಕ್ತೀನಿ ಅಂದಿದ್ದೆ."

"ಎಲ್ಲಿ ಅಂದೆ? ಯಾವುದಿದೆ ಅಂತ ಬರೀತೀನಿ ಅಂದೆ."

"ಹತ್ತು ತಿಂಗಳಿಂದ ಸಿಂಥೆಟಿಕ್ಕೇ ಹಾಕಿದ್ರೆ ಮತ್ತೆ ದಿನಾ ನನ್ನ ಜೊತೆ ಯಾಕೆ ಜಗಳ ಆಡ್ದೆ?"

"ಕಾರಿನ ಜೊತೆ ಬಂದ ಪುಸ್ತಕದಲ್ಲೂ ಅದೇ ಬರೆದಿತ್ತು, ಇವನೂ ಅದೇ ಹೇಳ್ದ. ಹಾಕಿಸಿದೆ. ಆದ್ರೆ ನಿಮಗೆ ಹೇಳಿದ್ರೆ? ಇವತ್ತು ಆಯಿಲ್ ಒಪ್ಕೊಂಡ್ರೆ ನಾಳೆ ಟೈರು, ನಾಡಿದ್ದು ಅಡುಗೆ, ಆಚೆ ನಾಡಿದ್ದು ನಾನು ಕಲಿಸೋ ರೀತಿ. ಅದಕ್ಕೇ ನಿಮ್ಮನ್ನ ಆಯಿಲ್ ಹತ್ರಾನೇ ನಿಲ್ಲಿಸಿದ್ದೆ."

ನಾನು ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡೆ. ಆಗ ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ತಮ್ಮನ ಎದುರಿಗೇ ಹೇಳಿದಳು: "ಆಯಿಲ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ದುಡ್ಡಿಗೆ ಮೋಸ ಇಲ್ಲ."

ಇಪ್ಪತ್ತೆರಡು ವರ್ಷ ಕಾದಿದ್ದ ಮಾತು. ಅದನ್ನು ನಾನು ಸ್ಪ್ಯಾನರ್ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಕೇಳಬೇಕಾಯಿತು.

"ಆ ಹುಡುಗನ್ನ ಕಳ್ಳ ಅಂದ್ಯಲ್ಲೋ ಒಂದು ವರ್ಷ," ಎಂದರು ಅಮ್ಮ.

"ನಿನ್ನ ಹತ್ರ ಆರು ಇದೆ ಅಂದ್ಯಲ್ಲಯ್ಯ," ಎಂದೆ ಭಾವಮೈದುನನಿಗೆ. "ಇದನ್ನೂ ಇಟ್ಕೋ." ನನ್ನ ಭಾಷೆಯಲ್ಲಿ ಕ್ಷಮೆ ಕೇಳುವುದು ಇಷ್ಟರಮಟ್ಟಿಗೆ ಮಾತ್ರ ಬರುತ್ತದೆ. ಅವನಿಗೆ ಅರ್ಥವಾಯಿತು, ಇಟ್ಟುಕೊಂಡ.

ಮಾರನೆಯ ದಿನ ಹನ್ನೊಂದು ಗಂಟೆಗೆ, ನೆತ್ತಿಯ ಮೇಲೆ ಕಲಿಯುವವರ ಬೋರ್ಡು ಹೊತ್ತ ಬಿಳಿ ಕಾರಿನಲ್ಲಿ ನಾನು ನನ್ನ ಅಂಗಡಿ ಬೀದಿಗೆ ಬಂದೆ. ಪಕ್ಕದ ಸೀಟಿನಲ್ಲಿ ಹೆಂಡತಿ, ಹಿಂದೆ ತಮಾಷೆ ನೋಡಲು ಬಂದ ಅಮ್ಮ. ಬೇಕರಿಯವನು ಅಂದು ಶಟರ್ ಪೂರ್ತಿ ಎತ್ತಿ, ಕುರ್ಚಿಯನ್ನು ಹೊರಗೆ ಹಾಕಿಕೊಂಡು ಕುಳಿತಿದ್ದ.

ಸರಿಯಾಗಿ ಅವನ ಎದುರಿಗೆ ಒಂದು ಸೈಕಲ್ ಅಡ್ಡ ಬಂತು. ಬಯ್ಯಲು ಬಾಯಿ ತೆರೆದೆ. ಷರತ್ತು ನೆನಪಾಗಿ ಬಾಯಿ ಮುಚ್ಚಿದೆ. ಆ ಗಡಿಬಿಡಿಯಲ್ಲಿ ಕ್ಲಚ್ಚಿನಿಂದ ಕಾಲು ಜಾರಿತು. ಕಾರು ಎರಡು ಬಾರಿ ಕುಪ್ಪಳಿಸಿ, ಬೀದಿಯ ನಟ್ಟನಡುವೆ ನಿಂತು, ಆಫ್ ಆಯಿತು.

ಹಿಂದಿನಿಂದ ಮೂರು ಹಾರ್ನು. ನಾನು ಹಲ್ಲು ಕಚ್ಚಿಕೊಂಡು ನೇರ ಮುಂದೆ ನೋಡುತ್ತಿದ್ದೆ.

ಹೆಂಡತಿ ಕತ್ತು ಓರೆ ಮಾಡಿ, ಇಂಜಿನ್ನಿನತ್ತ ಕಿವಿ ಕೊಟ್ಟು, ಸ್ವಲ್ಪ ಹೊತ್ತು ಗಂಭೀರವಾಗಿ ಆಲಿಸಿದಳು.

"ಆಯಿಲ್‌ದೇ ದೋಷ ಇರ್ಬೇಕು," ಎಂದಳು.